ತಾಯಿಯ ಮಡಿಲಿಗೆ ಬಂದ ದೇವರು

ಡಿಸೆಂಬರ್ ತಿಂಗಳು ಬಂತೆಂದರೆ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರದ ದೀಪ ತೂಗುವುದನ್ನು ನೀವೂ ನೋಡಿರುತ್ತೀರಿ. ಜಗಲಿಯ ಮೂಲೆಯಲ್ಲಿ ಹುಲ್ಲಿನ ಪುಟ್ಟ ಕೊಟ್ಟಿಗೆ ಕಟ್ಟಿ, ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಹಸಿರು ಮಾಡಿ, ದನ, ಕುರಿ, ಕುರುಬರ ಗೊಂಬೆಗಳನ್ನು ಇಡುತ್ತಾರೆ. ನಡುವೆ ಗೋದಲಿ, ಅಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಅದರಲ್ಲೊಂದು ಕೂಸು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸರು ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಈ ದೃಶ್ಯವನ್ನು ಜನರಿಗೆ ತೋರಿಸಿದರು. ಮನೆಮನೆಯಲ್ಲಿ ಗೋದಲಿ ಕಟ್ಟುವ ಪದ್ಧತಿ ಬೆಳೆಯಲು ಅದೇ ದೊಡ್ಡ ಪ್ರೇರಣೆ.

ನೆರೆಮನೆಯಿಂದ ಬಂದ ಕುಸ್ವಾರ್ ತಟ್ಟೆಯಲ್ಲಿನ ನೆವ್ರಿ, ಕಿಡಿಯೊಗಳ ರುಚಿ ನಿಮಗೆ ಗೊತ್ತು. ಆದರೆ ಆ ಕೂಸಿನ ಅರ್ಥವೇನು ಅಂತ ಕೇಳಿದ್ದೀರಾ?

ಅವತಾರ ಎಂಬ ಮಾತು ನಮ್ಮ ನಾಡಿನಲ್ಲಿ ಯಾರಿಗೂ ಹೊಸದಲ್ಲ. ಯಶೋದೆಯ ಮಡಿಲಲ್ಲಿ ಆಡಿದ ಕೃಷ್ಣನನ್ನು ಅರಿಯದ ತಾಯಿ ಉಂಟೇ? ಕ್ರೈಸ್ತರಾದ ನಾವೂ ಕನ್ನಡದಲ್ಲಿ ‘ಮನುಷ್ಯಾವತಾರ’ ಎಂದೇ ಹೇಳುತ್ತೇವೆ. ಆದರೆ ನಮ್ಮ ನಂಬಿಕೆಯಲ್ಲಿ ಇದು ಯುಗಯುಗಕ್ಕೂ ಆಗುವಂಥದ್ದಲ್ಲ; ಒಂದೇ ಸಲ ಆದದ್ದು. ಮತ್ತೆ, ಇದು ಸ್ವಲ್ಪ ಕಾಲಕ್ಕೆಂದು ಧರಿಸಿದ ರೂಪವೂ ಅಲ್ಲ. ದೇವರು ದೇವರಾಗಿಯೇ ಇದ್ದು ನಿಜವಾಗಿ ಮನುಷ್ಯರಾದರು. ಆ ಮನುಷ್ಯತ್ವವನ್ನು ಆಮೇಲೂ ಕಳಚಿಡಲಿಲ್ಲ. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಲೆಕ್ಕ ನಮಗೆ ಬೇಡ. ನೆರೆಯವರ ನಂಬಿಕೆ ಏನೆಂದು ತಿಳಿದಿದ್ದರೆ ಒಳ್ಳೆಯದಲ್ಲವೇ, ಅಷ್ಟೇ.

ಹಿಂದಿನವರಿಗೂ ಇದು ಸುಲಭವಾಗಿ ಗಂಟಲಲ್ಲಿ ಇಳಿಯಲಿಲ್ಲ. ದೇವರಿಗೆ ಹಸಿವೇ? ದೇವರಿಗೆ ನೋವೇ? ಆ ಶರೀರ ಬರೀ ತೋರಿಕೆ ಎಂದು ವಾದಿಸಿದವರಿದ್ದರು. ಧರ್ಮಸಭೆ ಅದನ್ನು ಒಪ್ಪಲಿಲ್ಲ. ಮರಿಯಮ್ಮನವರನ್ನು ‘ದೇವಮಾತೆ’ ಎಂದು ಕರೆಯುವುದು ಸರಿಯೆಂದು 431ರಲ್ಲಿ ಎಫೆಸದಲ್ಲಿ ಸೇರಿದ ಮಹಾಸಭೆ ತೀರ್ಮಾನಿಸಿತು. ಯೇಸುಸ್ವಾಮಿ ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯರೂ ಹೌದು ಎಂದು 451ರಲ್ಲಿ ಕಾಲ್ಸೆದೋನಿನ ಮಹಾಸಭೆ ಹೇಳಿತು. ಎರಡು ಊರುಗಳೂ ಈಗಿನ ಟರ್ಕಿ ದೇಶದಲ್ಲಿವೆ.

ಇದೆಲ್ಲ ಪಂಡಿತರ ಮಾತಾಯಿತು. ಹೆಂಗಸರಿಗೆ ಅರ್ಥವಾಗುವ ಲೆಕ್ಕ ಬೇರೆ ಇದೆ. ದೇವದೂತ ಮರಿಯಮ್ಮನವರಿಗೆ ಸುದ್ದಿ ತಂದ ಹಬ್ಬ ಮಾರ್ಚ್ 25ಕ್ಕೆ. ಕ್ರಿಸ್ಮಸ್ ಡಿಸೆಂಬರ್ 25ಕ್ಕೆ. ಬೆರಳು ಮಡಚಿ ಎಣಿಸಿ ನೋಡಿ, ಸರಿಯಾಗಿ ಒಂಬತ್ತು ತಿಂಗಳು! ಆಕಾಶದಿಂದ ದೊಡ್ಡವರಾಗಿಯೇ ಇಳಿದು ಬರಬಹುದಾಗಿದ್ದ ದೇವರು ಒಬ್ಬ ಹೆಂಗಸಿನ ಗರ್ಭದಲ್ಲಿ ದಿನ ತುಂಬುವವರೆಗೆ ಕಾದರು.

ಹೆರಿಗೆಯಾದದ್ದು ತನ್ನೂರಾದ ನಜರೇತಿನಲ್ಲೂ ಅಲ್ಲ, ದೂರದ ಬೆತ್ಲೆಹೇಮಿನಲ್ಲಿ. ಛತ್ರದಲ್ಲಿ ಜಾಗವಿರಲಿಲ್ಲ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ಬಾಣಂತಿಯ ಶುದ್ಧೀಕರಣದ ದಿನ ದೇವಾಲಯಕ್ಕೆ ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ಒಪ್ಪಿಸುವುದು ಯೆಹೂದ್ಯರ ನಿಯಮ. ಕುರಿಮರಿಗೆ ಗತಿಯಿಲ್ಲದವರು ಎರಡು ಹಕ್ಕಿಗಳನ್ನು ಕೊಡಬಹುದಿತ್ತು. ಲೂಕನ ಸುವಾರ್ತೆಯಲ್ಲಿ ಹಕ್ಕಿಗಳ ಮಾತೇ ಇದೆ, ಕುರಿಮರಿಯ ಮಾತಿಲ್ಲ. ಬಡವರ ಮನೆಯೆಂದು ಬೇರೆ ಹೇಳಬೇಕೇ?

ಆ ಕೂಸು ಹಾಲಿಗೆ ಅತ್ತಿರಬೇಕು. ಒದ್ದೆಯಾದರೆ ಬಟ್ಟೆ ಬದಲಿಸಬೇಕಾಗಿತ್ತು. ಲೋಕವನ್ನು ಹೊತ್ತವರನ್ನು ಒಬ್ಬ ತಾಯಿ ಹೊತ್ತು ತಿರುಗಿದಳು. ದೊಡ್ಡವರಾದ ಮೇಲೂ ಯೇಸುಸ್ವಾಮಿ ದಣಿದು ಬಾವಿಯ ಬಳಿ ಕುಳಿತು ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳಿದರು, ದೋಣಿಯಲ್ಲಿ ನಿದ್ದೆಹೋದರು, ಗೆಳೆಯ ಲಾಜರನ ಸಮಾಧಿಯ ಬಳಿ ಕಣ್ಣೀರು ಹಾಕಿದರು. ಹಿಟ್ಟಿಗೆ ಹುಳಿ ಕಲಸುವ ಹೆಂಗಸು, ಹಳೇ ಬಟ್ಟೆಗೆ ಹೊಸ ತೇಪೆ, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವವಳು, ಇವೆಲ್ಲ ಅವರು ಹೇಳಿದ ಸಾಮತಿಗಳಲ್ಲಿ ಬರುತ್ತವೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು ತಾಯಿಯ ಕೆಲಸ ನೋಡುತ್ತಾ ಬೆಳೆದವರ ಮಾತು ಅಂತ ನನಗನ್ನಿಸುತ್ತದೆ.

ಇಷ್ಟೆಲ್ಲ ಯಾಕೆ? ಪಾಪದಿಂದ ದೂರವಾದ ಮನುಷ್ಯ ತಾನಾಗಿ ದೇವರನ್ನು ಮುಟ್ಟಲಾರ. ಅದಕ್ಕೇ ದೇವರು ತಾವೇ ಅವನಿದ್ದಲ್ಲಿಗೆ ಬಂದರು, ಶಿಲುಬೆಯ ಸಾವಿನವರೆಗೂ ಜೊತೆಗೆ ನಡೆದರು ಎಂಬುದು ನಮ್ಮ ನಂಬಿಕೆ. ದೂರದಿಂದ ಕನಿಕರ ತೋರಿಸುವುದು ಬೇರೆ, ಕಷ್ಟದ ಒಳಗೇ ಬಂದು ಕೂರುವುದು ಬೇರೆ. ಮನೆ ನಡೆಸುವ ನಮಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ನಮ್ಮ ಅತ್ತೆ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಮೈ ಒರೆಸುವುದು, ಗಂಜಿ ಕುಡಿಸುವುದು, ದುಪ್ಪಟಿ ಒಗೆಯುವುದು, ಇದರಲ್ಲೇ ಹೊತ್ತು ಮುಳುಗುತ್ತಿತ್ತು. ಭಾನುವಾರದ ಪೂಜೆಗೂ ಎಷ್ಟೋ ಸಲ ಹೋಗಲಾಗಲಿಲ್ಲ. ದೇವರಿಂದ ದೂರವಾದೆನೇ ಎಂದು ಮನಸ್ಸು ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಅವರ ಕಾಲು ತೊಳೆಯುತ್ತಿದ್ದಾಗ ಹೊಳೆಯಿತು: ಮರಿಯಮ್ಮನವರ ದಿನಗಳೂ ಹೀಗೇ ಕಳೆದಿರಬೇಕಲ್ಲ! ತೊಳೆಯುವುದು, ಉಣಿಸುವುದು, ಒಗೆಯುವುದು. ಅವರು ತೊಳೆದದ್ದು ದೇವರ ಪುಟ್ಟ ಕಾಲುಗಳನ್ನೇ. ದೇವರು ಮನುಷ್ಯರ ಮೈಯನ್ನು ತನ್ನದು ಮಾಡಿಕೊಂಡ ಮೇಲೆ, ಯಾವ ಮೈಯ ಸೇವೆ ತಾನೇ ಕೀಳಾದೀತು? ಅಂದಿನಿಂದ ಕೈಕೆಲಸ ಕಡಿಮೆಯಾಗಲಿಲ್ಲ, ಮನಸ್ಸಿನ ಭಾರ ಮಾತ್ರ ಇಳಿಯಿತು.

ಸುವಾರ್ತೆಯ ಕೊನೆಯಲ್ಲಿ ನನಗೆ ತುಂಬ ಮೆಚ್ಚಿಗೆಯಾದ ಒಂದು ಪ್ರಸಂಗವಿದೆ. ಸತ್ತು ಎದ್ದು ಬಂದ ಯೇಸುಸ್ವಾಮಿ ಒಂದು ಬೆಳಗಿನ ಜಾವ ಸರೋವರದ ದಡದಲ್ಲಿ ಕಾಣಿಸಿಕೊಳ್ಳುತ್ತಾರೆ. ಶಿಷ್ಯರು ರಾತ್ರಿಯಿಡೀ ಬಲೆ ಬೀಸಿ ದಣಿದು ಬಂದಿದ್ದಾರೆ. ಸಾವನ್ನೇ ಗೆದ್ದವರು ಅಲ್ಲಿ ಏನು ಮಾಡಿಟ್ಟಿದ್ದರು ಗೊತ್ತೇ? ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬನ್ನಿ, ಊಟ ಮಾಡಿ ಅಂತ ಕರೆದರು.