ಮಾದರಿ ಜಲಾಂತರ್ಗಾಮಿಗೆ ಕಂಠದಾನ

ರೇಡಿಯೋ ಅಲೆಗಳ ಆಜ್ಞೆಗೆ ಮುಳುಗೇಳುವ ಮಾದರಿ ಜಲಾಂತರ್ಗಾಮಿಯನ್ನು ಕಂಡವರು ಅದಕ್ಕೊಂದು ದನಿಯೂ ಇರಬಾರದಿತ್ತೇ ಎಂದು ಹಂಬಲಿಸುವುದು ಸಹಜ. ಆದರೆ ದನಿಗೆಂದು ಕೊರೆದ ರಂಧ್ರದಲ್ಲಿ ನೀರೂ ನುಗ್ಗುವುದು. ತಿಂಗಳುಗಟ್ಟಲೆಯ ಶ್ರಮ ಕ್ಷಣದಲ್ಲಿ ಕೆರೆಯ ಪಾಲು!

ಆದುದರಿಂದ ಬಲ್ಲವರು ರಂಧ್ರವನ್ನೇ ಕೊರೆಯದೆ, ನೀರು ಹೊಗದಂತೆ ಮುಚ್ಚಿದ ಕೋಣೆಯ ಒಳಮೈಗೆ, ಆದಷ್ಟು ಮೇಲ್ಭಾಗದಲ್ಲಿ, ಪುಟ್ಟದೊಂದು ಕಂಪನ ಸಾಧನವನ್ನು ಅಂಟಿಸುವರು. ಆಗ ಗೋಡೆಯೇ ತಮಟೆಯ ಚರ್ಮದಂತೆ ಅದುರಿ ದನಿಗೊಡುವುದು.

ಇಷ್ಟಾದರೂ ಮುಳುಗಿದ ಮೇಲಿನ ಸದ್ದು ದಡಕ್ಕೆ ಕೇಳಿಸದೆಂದೇ ಹೇಳಬೇಕು. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುವುದೇನೋ ನಿಜ. ಗಾಳಿಗೆ ದಾಟುವಲ್ಲಿ ಮಾತ್ರ ಶಕ್ತಿಯ ಸುಮಾರು ಸಾವಿರದಲ್ಲೊಂದು ಪಾಲಷ್ಟೇ ಹೊರಬಿದ್ದು ಉಳಿದುದು ನೀರಿಗೇ ಮರಳುವುದು.

ಇದನ್ನು ಕೊರತೆಯೆಂದು ನಾವು ಬಗೆಯೆವು. ವಿಶಾಖಪಟ್ಟಣದ ಕಡಲತೀರದಲ್ಲಿ 2002ರಿಂದ ಪ್ರದರ್ಶನಕ್ಕಿರುವ ‘ಐ.ಎನ್.ಎಸ್. ಕುರ್ಸುರ’ವೂ ನೀರಮೇಲೆ ಡೀಸೆಲ್ ಎಂಜಿನುಗಳಿಂದ ಗುಡುಗಿ, ಮುಳುಗಿದಾಗ ಬ್ಯಾಟರಿಯ ಬಲದಿಂದ ಸದ್ದಡಗಿ ಸಾಗುತ್ತಿದ್ದ ನೌಕೆಯೇ. ಮಾದರಿಯಲ್ಲಿಯೂ ಗ್ರಾಹಕ ಯಂತ್ರದ ಬಿಡುವಾದ ಚಾನೆಲ್ಲೊಂದಕ್ಕೆ ಧ್ವನಿಫಲಕವನ್ನು ಜೋಡಿಸಿ, ಮುಳುಗುವ ಮುನ್ನ ಎಚ್ಚರಿಕೆಯ ಕಹಳೆ, ಎದ್ದಾಗ ಎಂಜಿನಿನ ಮೊರೆತ, ಇಷ್ಟನ್ನು ಹೊರಡಿಸಿದರೆ ಸಾಕು.

ಕೂಡಿಸಿಯಾದ ಮೇಲೆ ಮೊದಲು ಸ್ನಾನದ ತೊಟ್ಟಿಯಲ್ಲಿ ಅದುಮಿ ಹಿಡಿದು ಗುಳ್ಳೆಗಳೇಳುವುವೇ ಎಂದು ನೋಡತಕ್ಕದ್ದು. ಕೆರೆಯ ಮಾತು ಆಮೇಲೆ.