ಹೊಸ ಊರು, ಹೊಸ ಬೀದಿ – ಊಟಕ್ಕೆ ಎಲ್ಲಿ?

ಪರೀಕ್ಷೆಯ ಫಲಿತಾಂಶ ಬಂದು ಜೂನ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಧರ್ಮಕೇಂದ್ರಗಳಲ್ಲಿ ಭಾನುವಾರದ ಪೂಜೆಗೆ ಬರುವ ಯುವಜನರ ಸಾಲು ತೆಳ್ಳಗಾಗುತ್ತದೆ. ಒಬ್ಬಳು ನರ್ಸಿಂಗ್ ಓದಲು ಹೊರಡುತ್ತಾಳೆ, ಒಬ್ಬ ಕಂಪೆನಿ ಕೆಲಸಕ್ಕೆ, ಇನ್ನೊಬ್ಬ ಕೆಲಸ ಹುಡುಕುವುದಕ್ಕೆ. ಮಂಗಳೂರಿನಲ್ಲೇ ಉಳಿದವರು ವಾರಕ್ಕೊಮ್ಮೆ ಮನೆಗೆ ಬಂದಾರು. ಬೆಂಗಳೂರಿಗೆ ಹೋದವರು ಇನ್ನು ಕ್ರಿಸ್ಮಸ್‌ಗೋ ಊರ ಹಬ್ಬಕ್ಕೋ ಬರಬೇಕು.

ಹೊರಡುವವರ ಚೀಲದಲ್ಲಿ ಅಮ್ಮ ಉಪ್ಪಿನಕಾಯಿ ತುಂಬುತ್ತಾರೆ, ಹಪ್ಪಳ ತುಂಬುತ್ತಾರೆ, ಒಣಮೀನಿನ ಚಟ್ನಿಯ ಡಬ್ಬಿ ಇಡುತ್ತಾರೆ. ಅದು ಹೆಚ್ಚೆಂದರೆ ಹದಿನೈದು ದಿನ ಬಂದೀತು. ಹದಿನಾರನೆಯ ದಿನದಿಂದ ಏನು? ಬಾಡಿಗೆ ಕೋಣೆ ಹುಡುಕಲು ನಾವು ನೂರು ಜನರನ್ನು ಕೇಳುತ್ತೇವೆ, ಬಸ್ಸಿನ ನಂಬರು ಬರೆದುಕೊಳ್ಳುತ್ತೇವೆ. ಊಟದ ವಿಷಯ ಬಂದಾಗ ಮಾತ್ರ ‘ಅಲ್ಲೆಲ್ಲ ಹೋಟೆಲುಗಳಿವೆ’ ಎಂದು ಸುಮ್ಮನಾಗುತ್ತೇವೆ. ಹೋಟೆಲುಗಳೇನೋ ಇವೆ. ದಿನಕ್ಕೆ ಮೂರು ಹೊತ್ತು, ತಿಂಗಳಿಗೆ ತೊಂಬತ್ತು ಹೊತ್ತು, ಕೈಗೆಟಕುವ ದರದಲ್ಲಿ, ಹೊಟ್ಟೆ ಕೆಡದಂತೆ ಉಣ್ಣಬಹುದಾದ ಜಾಗ ಯಾವುದು ಎಂಬುದೇ ಪ್ರಶ್ನೆ. ಅದು ಸಿಗದೆ ಹೋದರೆ ಮಕ್ಕಳು ಮಾಡುವುದು ಎರಡೇ. ಬೆಳಗಿನ ತಿಂಡಿ ಬಿಡುತ್ತಾರೆ, ಇಲ್ಲವೇ ರಾತ್ರಿ ಬಿಸ್ಕತ್ತು ತಿಂದು ಮಲಗುತ್ತಾರೆ. ಮನೆಗೆ ಫೋನಿನಲ್ಲಿ ಮಾತ್ರ ‘ಊಟ ಆಯ್ತು’ ಎನ್ನುತ್ತಾರೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹೊಸ ಊರಿನಲ್ಲಿ ಊಟ ಬಲ್ಲವರಾಗುವುದು ಹೇಗೆ ಎಂಬುದನ್ನು ಈ ಬಾರಿ ಸ್ವಲ್ಪ ನೋಡೋಣ.

ಮೊದಲು ಕಾಲ್ನಡಿಗೆ

ಹೊಸ ಬಡಾವಣೆಗೆ ಹೋದ ಮೊದಲ ವಾರ ಒಂದು ಕೆಲಸ ಮಾಡಬೇಕು. ಕೋಣೆಯಿಂದ ಹೊರಟು ಹದಿನೈದು ನಿಮಿಷದಲ್ಲಿ ಎಷ್ಟು ದೂರ ನಡೆಯಬಹುದೋ ಅಷ್ಟನ್ನು ನಾಲ್ಕು ದಿಕ್ಕಿನಲ್ಲೂ ನಡೆದು ನೋಡಬೇಕು. ಒಂದು ದಿನ ಬೆಳಿಗ್ಗೆ ಎಂಟಕ್ಕೆ, ಒಂದು ದಿನ ಮಧ್ಯಾಹ್ನ ಒಂದಕ್ಕೆ, ಒಂದು ದಿನ ರಾತ್ರಿ ಎಂಟಕ್ಕೆ. ಮುಖ್ಯರಸ್ತೆಯ ಹೊಳೆಯುವ ಬೋರ್ಡುಗಳಲ್ಲಿ ಬಾಡಿಗೆಯ ಖರ್ಚೂ ಸೇರಿರುತ್ತದೆ. ಅಡ್ಡರಸ್ತೆಗೆ ಇಳಿದರೆ ಅದೇ ಇಡ್ಲಿ ಕಡಿಮೆ ಬೆಲೆಗೆ ಸಿಗುವುದುಂಟು.

ಎಲ್ಲಿ ಜನ ನಿಂತಿದ್ದಾರೆ, ಯಾರು ನಿಂತಿದ್ದಾರೆ ಎಂದು ನೋಡಿ. ಆಟೋ ಚಾಲಕರು, ಆಸ್ಪತ್ರೆಯ ನರ್ಸುಗಳು, ಅಂಗಡಿಯ ಹುಡುಗರು, ಕಾಲೇಜು ಮಕ್ಕಳು ದಿನವೂ ಉಣ್ಣುವ ಜಾಗಕ್ಕೆ ಎರಡು ಗುಣಗಳಿರುತ್ತವೆ. ಅಲ್ಲಿ ದರ ಹೆಚ್ಚಿರುವುದಿಲ್ಲ, ಮಾಡಿದ್ದು ಬೇಗ ಖಾಲಿಯಾಗುತ್ತದೆ. ಬೇಗ ಖಾಲಿಯಾಗುವ ಅಡುಗೆ ಹಳಸುವುದಿಲ್ಲ. ಗೋಡೆಯ ಮೇಲೆ ನೂರೆಂಟು ತಿಂಡಿಗಳ ಪಟ್ಟಿ ಇದ್ದು ಕುರ್ಚಿಗಳು ಖಾಲಿ ಇದ್ದರೆ ಯೋಚಿಸಿ. ಅಷ್ಟೂ ತಿಂಡಿಗಳ ಸಾಮಾನು ಎಷ್ಟು ದಿನದಿಂದ ಒಳಗೆ ಕೂತಿದೆಯೋ!

ಮೊದಲ ದಿನವೇ ದೊಡ್ಡ ಊಟಕ್ಕೆ ಕೂರಬೇಡಿ. ಎರಡು ಇಡ್ಲಿ, ಒಂದು ಕಾಫಿ ಸಾಕು. ಇಡ್ಲಿ ಬಿಸಿಯಾಗಿದೆಯೇ, ಚಟ್ನಿ ಹುಳಿ ಬಂದಿದೆಯೇ, ತಟ್ಟೆಯಲ್ಲಿ ಎಣ್ಣೆಯ ಜಿಡ್ಡಿದೆಯೇ, ಕೈ ತೊಳೆಯುವ ಜಾಗದಲ್ಲಿ ಸಾಬೂನಿದೆಯೇ? ಕೈ ತೊಳೆಯುವ ಜಾಗ ನೋಡಿದರೆ ಅಡುಗೆಮನೆಯನ್ನು ಅರ್ಧ ನೋಡಿದಂತೆ.

ಯಾರನ್ನು ಕೇಳಬೇಕು?

ಈಗ ಎಲ್ಲರ ಕೈಯಲ್ಲೂ ಫೋನಿದೆ. ಹೋಟೆಲುಗಳಿಗೆ ಜನ ಕೊಟ್ಟ ನಕ್ಷತ್ರಗಳೂ ಅದರಲ್ಲಿ ಕಾಣುತ್ತವೆ. ನೋಡಿ, ಬೇಡವೆನ್ನುವುದಿಲ್ಲ. ಆದರೆ ತಿಂಗಳಿಗೊಮ್ಮೆ ಹುಟ್ಟುಹಬ್ಬಕ್ಕೆ ಹೋದವರು ಕೊಟ್ಟ ನಕ್ಷತ್ರ, ದಿನವೂ ಉಣ್ಣುವವರಿಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಮನೆಯ ಮಾಲೀಕರು, ಕಾವಲುಗಾರ, ಔಷಧಿ ಅಂಗಡಿಯವರು, ಅದೇ ಬೀದಿಯಲ್ಲಿ ಒಂದು ವರ್ಷದಿಂದ ಇರುವ ಸಹೋದ್ಯೋಗಿ ಇವರನ್ನು ಕೇಳಿ. ‘ಇಲ್ಲಿ ಒಳ್ಳೆ ಹೋಟೆಲ್ ಯಾವುದು?’ ಎಂದರೆ ದುಬಾರಿ ಹೋಟೆಲಿನ ಹೆಸರು ಬರುತ್ತದೆ. ‘ನೀವು ದಿನಾ ಎಲ್ಲಿ ಊಟ ಮಾಡ್ತೀರಿ?’ ಎಂದು ಕೇಳಿ, ಬೇರೆಯೇ ಉತ್ತರ ಸಿಗುತ್ತದೆ.

ಇನ್ನೊಂದು ಬಾಗಿಲೂ ನಮಗಿದೆ. ಹೊಸ ಊರಿನ ಮೊದಲ ಭಾನುವಾರ ಹತ್ತಿರದ ದೇವಾಲಯಕ್ಕೆ ಹೋಗಿ. ಬೆಂಗಳೂರಿನಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳ, ಇಂಗ್ಲಿಷ್ ಭಾಷೆಗಳಲ್ಲಿ ಪೂಜೆಗಳಿವೆ. ಪೂಜೆ ಮುಗಿದ ಕೂಡಲೇ ಓಡಿಬರದೆ ಹತ್ತು ನಿಮಿಷ ಅಂಗಳದಲ್ಲಿ ನಿಲ್ಲಿ. ‘ನಾನು ಬೇಳದವಳು’, ‘ನಾನು ಮಂಜೇಶ್ವರದವನು’ ಎಂದರೆ ಸಾಕು, ಯಾರಾದರೊಬ್ಬರು ‘ನಮ್ಮ ಅತ್ತೆಯ ಊರು!’ ಎನ್ನುತ್ತಾರೆ. ಕುಚ್ಚಲಕ್ಕಿ ಅನ್ನ ಸಿಗುವ ಹೋಟೆಲು, ಮನೆಯಲ್ಲೇ ಅಡುಗೆ ಮಾಡಿ ಡಬ್ಬಿ ಕೊಡುವ ಬಾಯಿ, ತಾಜಾ ಬಂಗುಡೆ ಬರುವ ಅಂಗಡಿ ಎಲ್ಲದರ ವಿಳಾಸವೂ ಆ ಹತ್ತು ನಿಮಿಷದಲ್ಲೇ ಸಿಕ್ಕೀತು.

ಬೋರ್ಡು ಓದಲು ಕಲಿಯೋಣ

ಬೆಂಗಳೂರಿನ ಬೋರ್ಡುಗಳಲ್ಲಿ ಒಂದೊಂದು ಪದಕ್ಕೂ ಒಂದೊಂದು ಅರ್ಥವಿದೆ. ತಿಳಿದಿದ್ದರೆ ಹಣವೂ ಉಳಿಯುತ್ತದೆ, ಹೊಟ್ಟೆಯೂ ತುಂಬುತ್ತದೆ.

‘ದರ್ಶಿನಿ’ ಎಂದರೆ ಟೋಕನ್ ಪಡೆದು, ನಾವೇ ತಟ್ಟೆ ಎತ್ತಿಕೊಂಡು, ನಿಂತು ತಿನ್ನುವ ಜಾಗ. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯಿಂದ ಈ ಹೆಸರು ಊರೆಲ್ಲ ಹರಡಿತು. ಬಡಿಸುವವರಿಲ್ಲ, ಕುರ್ಚಿಗಳಿಲ್ಲ, ಜಾಗವೂ ಕಡಿಮೆ. ಆದ್ದರಿಂದಲೇ ದರವೂ ಕಡಿಮೆ. ಅಡುಗೆ ಕಣ್ಣೆದುರೇ ನಡೆಯುತ್ತದೆ. ಬೆಳಗಿನ ತಿಂಡಿಗೆ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಸಾಂಬಾರಿಗೆ ಬೆಲ್ಲ ಹಾಕಿರುತ್ತಾರೆ, ನಮ್ಮವರಿಗೆ ಮೊದಲ ವಾರ ಸಿಹಿಯೆನಿಸುತ್ತದೆ. ಆಮೇಲೆ ರೂಢಿಯಾಗುತ್ತದೆ.

‘ಖಾನಾವಳಿ’ ಎಂದರೆ ಉತ್ತರ ಕರ್ನಾಟಕದ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಹಸಿ ಸೊಪ್ಪು, ಮೊಸರು. ಅನ್ನವನ್ನೇ ಉಂಡು ಬೆಳೆದ ನಮಗೆ ಹೊಸದು, ಆದರೆ ಗಟ್ಟಿ ಊಟ. ‘ಮಿಲಿಟರಿ ಹೋಟೆಲ್’ ಎಂದರೆ ಹೆದರಬೇಕಾಗಿಲ್ಲ, ಅದು ಮಾಂಸಾಹಾರದ ಹೋಟೆಲು. ರಾಗಿಮುದ್ದೆ, ಮಟನ್ ಸಾರು ಅಲ್ಲಿಯ ವಿಶೇಷ. ‘ಆಂಧ್ರ ಮೆಸ್’ನಲ್ಲಿ ಬಾಳೆಲೆಯ ಮೇಲೆ ಅನ್ನ, ಪಪ್ಪು, ಪುಡಿ, ತುಪ್ಪ, ಎಷ್ಟು ಬೇಕಾದರೂ ಬಡಿಸುವ ಕಡೆಯಲ್ಲಿ ಹೆಚ್ಚು ಹಸಿವಿನವರಿಗೆ ಲಾಭ, ಖಾರ ಮಾತ್ರ ನೋಡಿಕೊಳ್ಳಬೇಕು. ಮಡಿವಾಳ, ಎಸ್.ಜಿ. ಪಾಳ್ಯದಂಥ ಕಡೆ ಕೇರಳದ ಮೆಸ್ಸುಗಳಿವೆ. ಕೆಂಪು ಅನ್ನ, ಮೀನು ಸಾರು, ತೆಂಗಿನೆಣ್ಣೆಯ ಪಲ್ಯ ಕಂಡಾಗ ಗಡಿನಾಡಿನ ನಾಲಿಗೆಗೆ ಮನೆಯ ನೆನಪು ಬರುತ್ತದೆ.

ತೀರಾ ಕೈ ಬರಿದಾದ ದಿನಗಳೂ ಬರುತ್ತವೆ. ನಮ್ಮ ಕೇರಳದಲ್ಲಿ 2020ರಲ್ಲಿ ಕುಟುಂಬಶ್ರೀ ಮಹಿಳೆಯರ ಜನಕೀಯ ಹೋಟೆಲುಗಳು 20 ರೂಪಾಯಿ ಊಟದೊಂದಿಗೆ ಆರಂಭವಾದುದನ್ನು ನಾವು ಕಂಡಿದ್ದೇವೆ. ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ 2017ರ ಆಗಸ್ಟ್ 16ರಂದು ಆರಂಭವಾಯಿತು, ಆಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಸಂಬಳ ತಡವಾದ ತಿಂಗಳು ಅಲ್ಲಿ ಸಾಲಿನಲ್ಲಿ ನಿಲ್ಲಲು ನಾಚಿಕೆ ಬೇಡ. ಹಸಿದು ಮಲಗುವುದಕ್ಕಿಂತ ಸಾಲಿನಲ್ಲಿ ನಿಲ್ಲುವುದು ಎಷ್ಟೋ ಮೇಲು.

ಲೆಕ್ಕ ಹಾಕಿ ನೋಡಿ

ಪೀಜಿ ಬಾಡಿಗೆಯಲ್ಲಿ ಊಟ ಸೇರಿದೆಯೇ ಎಂದು ಮೊದಲೇ ಕೇಳಬೇಕು. ಸೇರಿದ್ದರೆ, ಮುಂಗಡ ಕೊಡುವ ಮೊದಲು ಅಲ್ಲಿ ಒಂದು ಹೊತ್ತು ಊಟ ಮಾಡಿ ನೋಡುವುದು ಒಳ್ಳೆಯದು. ಮೆಸ್ಸಿನಲ್ಲೂ ಇಡೀ ತಿಂಗಳ ಹಣ ಒಮ್ಮೆಲೇ ಕೊಡದೆ ಒಂದು ವಾರ ನೋಡಿ ಆಮೇಲೆ ಕೊಡಿ.

ಹೊರಗೇ ಉಣ್ಣುವವರು ಹೀಗೆ ಲೆಕ್ಕ ಹಿಡಿಯಬಹುದು. ತಿಂಡಿಗೆ 50, ಮಧ್ಯಾಹ್ನಕ್ಕೆ 80, ರಾತ್ರಿಗೆ 80 ರೂಪಾಯಿ ಎಂದುಕೊಂಡರೆ ದಿನಕ್ಕೆ 210, ತಿಂಗಳಿಗೆ 6,300 ರೂಪಾಯಿ. ರಾತ್ರಿಯ ಊಟವನ್ನು ಫೋನಿನಲ್ಲಿ ಕೋಣೆಗೇ ತರಿಸಿಕೊಂಡು, ಸಾಗಾಟದ ಶುಲ್ಕ ಅದು ಇದು ಸೇರಿ 200 ಆಯಿತೆನ್ನಿ; ತಿಂಗಳಿಗೆ 9,900. ವ್ಯತ್ಯಾಸ 3,600 ರೂಪಾಯಿ. ವರ್ಷಕ್ಕೆ 43,200! ತಂಗಿಯ ಕಾಲೇಜು ಫೀಸಿಗೆ, ಅಪ್ಪನ ಔಷಧಿಗೆ ಆಗಬಹುದಾದ ಹಣವದು. ಮಳೆಯ ರಾತ್ರಿಯೋ ಜ್ವರದ ದಿನವೋ ತರಿಸಿಕೊಂಡರೆ ತಪ್ಪಿಲ್ಲ. ದಿನದ ಅಭ್ಯಾಸವಾದರೆ ಕಷ್ಟ.

ಉಳಿಸುವ ಭರದಲ್ಲಿ ಮೂರು ಹೊತ್ತೂ ಚಿತ್ರಾನ್ನ, ರೈಸ್‌ಬಾತ್ ತಿಂದರೂ ಆಗದು. ದಿನಕ್ಕೊಂದು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು, ಒಂದು ಹೊತ್ತಾದರೂ ಬೇಳೆ ಮತ್ತು ಸೊಪ್ಪು ಇರಲಿ.

ನೀರಿನ ವಿಷಯ ಮರೆಯಬೇಡಿ

ನಮ್ಮ ಕಡೆಯ ಹೋಟೆಲುಗಳಲ್ಲಿ ಕೂತ ಕೂಡಲೇ ಕುದಿಸಿದ ಜೀರಿಗೆ ನೀರೋ ಪದಿಮುಗಂ ಹಾಕಿದ ಕೆಂಪು ನೀರೋ ಮೇಜಿಗೆ ಬರುತ್ತದೆ. ಬೆಂಗಳೂರಿನಲ್ಲಿ ಕೇಳದೆ ಬಾರದು. ಸಂಕೋಚವಿಲ್ಲದೆ ಬಿಸಿನೀರು ಕೇಳಿ. ಉಗುರುಬೆಚ್ಚಗಿದ್ದರೆ ಸಾಲದು, ಕುದಿಸಿದ ನೀರಿಗೆ ನಲ್ಲಿ ನೀರು ಬೆರೆಸಿದ್ದರೆ ಕುದಿಸಿದ್ದೇ ವ್ಯರ್ಥ. ಕೋಣೆಯಿಂದ ಬಾಟಲಿ ಒಯ್ಯುವುದು ಎಲ್ಲಕ್ಕಿಂತ ಸುಲಭ.

ಟೈಫಾಯ್ಡ್ ಮತ್ತು ‘ಎ’ ಬಗೆಯ ಕಾಮಾಲೆ ಕೆಟ್ಟ ನೀರು, ಕೊಳಕು ಕೈಗಳಿಂದಲೇ ಹರಡುತ್ತವೆ. ಈ ಕಾಮಾಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಆ ಹೊತ್ತಿಗೆ ಎಲ್ಲಿ ಏನು ತಿಂದೆವು ಎಂಬುದೇ ಮರೆತಿರುತ್ತದೆ. ಹೊಸ ಊರಿನಲ್ಲಿ ಒಂದು ಕಾಮಾಲೆ ಬಂದರೆ ಒಂದು ತಿಂಗಳ ಓದು, ಒಂದು ತಿಂಗಳ ಸಂಬಳ ಹೋದಂತೆ. ಆದ್ದರಿಂದ ಹೊಗೆಯಾಡುವ ಬಿಸಿ ಅಡುಗೆಯನ್ನು ಆರಿಸಿ. ಬಹಳ ಹೊತ್ತಿನಿಂದ ಆರಿ ಕೂತ ಅನ್ನ, ತೆರೆದಿಟ್ಟ ಚಟ್ನಿ, ಹೆಚ್ಚಿಟ್ಟ ಹಸಿ ಈರುಳ್ಳಿ, ಬೀದಿಯ ಐಸು ಇವುಗಳಿಂದ ದೂರವಿರಿ.

ಬಿಲ್ಲು ಓದಿ

ಹೋಟೆಲಿನ ಬಿಲ್ಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕೆಗಳ ಸಂಖ್ಯೆ ಇರಬೇಕೆಂಬ ನಿಯಮ 2022ರ ಜನವರಿ 1ರಿಂದ ಇದೆ. ಸಂಖ್ಯೆ ಇದ್ದ ಮಾತ್ರಕ್ಕೆ ಅಡುಗೆಮನೆ ಶುಚಿ ಎಂದಲ್ಲ; ದೂರು ಕೊಡಬೇಕಾಗಿ ಬಂದರೆ ಅದು ಬೇಕಾಗುತ್ತದೆ. ಸಾಮಾನ್ಯ ಹೋಟೆಲುಗಳಲ್ಲಿ ಜಿ.ಎಸ್.ಟಿ. ಶೇಕಡ 5. ಚಿಕ್ಕ ಹೋಟೆಲು ರಾಜಿ ತೆರಿಗೆ ಪದ್ಧತಿಯಲ್ಲಿದ್ದರೆ ಗಿರಾಕಿಯಿಂದ ಪ್ರತ್ಯೇಕ ತೆರಿಗೆ ವಸೂಲು ಮಾಡುವಂತಿಲ್ಲ.

‘ಸೇವಾ ಶುಲ್ಕ’ ಎಂಬ ಸಾಲು ಕಂಡರೆ ಅದು ಸರಕಾರದ ತೆರಿಗೆಯಲ್ಲ ಎಂದು ತಿಳಿಯಿರಿ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಜಗಳವಾಡದೆ, ತೆಗೆಯಿರಿ ಎಂದು ನಯವಾಗಿ ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಬಡಿಸಿದ ಹುಡುಗನಿಗೆ ಸಂತೋಷದಿಂದ ಹತ್ತು ರೂಪಾಯಿ ಕೊಡುವುದು ಬೇರೆ ಮಾತು. ಅವನೂ ಯಾವುದೋ ಊರು ಬಿಟ್ಟು ಬಂದವನೇ.

ಗುರುತಿನ ಮೇಜು

ಎರಡು ಮೂರು ಜಾಗಗಳನ್ನು ಆರಿಸಿಕೊಂಡ ಮೇಲೆ ದಿನವೂ ಅಲ್ಲಿಗೇ ಹೋಗಿ. ತಿಂಗಳಾಗುವಷ್ಟರಲ್ಲಿ ಕ್ಯಾಶಿನಲ್ಲಿ ಕೂತವರು ಹೆಸರು ಕೇಳುತ್ತಾರೆ. ಎರಡು ದಿನ ಕಾಣದಿದ್ದರೆ ‘ಎಲ್ಲಿ ಹೋಗಿದ್ರಿ, ಹುಷಾರಿಲ್ವಾ?’ ಎನ್ನುತ್ತಾರೆ. ಲಕ್ಷಾಂತರ ಜನರ ಊರಿನಲ್ಲಿ ನಾವು ಕಾಣದಿರುವುದನ್ನು ಗಮನಿಸುವವರು ಒಬ್ಬರಾದರೂ ಇದ್ದಾರೆ ಎಂಬುದು ಸಣ್ಣ ವಿಷಯವಲ್ಲ. ಜ್ವರ ಬಂದ ರಾತ್ರಿ ಗಂಜಿ ಮಾಡಿಸಿ ಕಳುಹಿಸುವವರೂ ಅವರೇ ಆಗಬಹುದು.

ಸಾಧ್ಯವಾದಷ್ಟು ಒಬ್ಬರೇ ಉಣ್ಣಬೇಡಿ. ಎಮ್ಮಾವಿನ ದಾರಿಯಲ್ಲಿ ಜೊತೆಗೆ ನಡೆದವರನ್ನು ಆ ಇಬ್ಬರು ಶಿಷ್ಯರು ಗುರುತಿಸಿದ್ದು ರೊಟ್ಟಿ ಮುರಿದಾಗ, ಊಟದ ಮೇಜಿನಲ್ಲಿ. ಹೋಟೆಲಿನ ಗದ್ದಲದಲ್ಲೂ ಒಂದು ಕ್ಷಣ ಶಿಲುಬೆಯ ಗುರುತು ಮಾಡಿ ಉಣ್ಣಲು ಯಾರ ಅಡ್ಡಿಯೂ ಇಲ್ಲ. ತಪಸ್ಸುಕಾಲದ ಶುಕ್ರವಾರ ಮಾಂಸ ಬಿಟ್ಟಾಗ ಉಳಿದ ಹಣದಿಂದ, ಊಟ ಬಿಟ್ಟ ಕೋಣೆಯ ಗೆಳೆಯನಿಗೆ ಒಂದು ಪ್ಲೇಟ್ ಊಟ ಕೊಡಿಸಿದರೆ ಆ ಉಪವಾಸಕ್ಕೆ ಅರ್ಥ ಬರುತ್ತದೆ.

ಮನೆಯಲ್ಲಿರುವ ತಂದೆತಾಯಂದಿರಿಗೂ ಒಂದು ಮಾತು. ‘ಊಟ ಆಯ್ತಾ?’ ಎಂದು ಕೇಳಿದರೆ ‘ಆಯ್ತು’ ಎಂಬ ಒಂದೇ ಉತ್ತರ. ‘ಇವತ್ತು ಎಲ್ಲಿ ಉಂಡೆ, ಏನಿತ್ತು, ಜೊತೆಗೆ ಯಾರಿದ್ದರು?’ ಎಂದು ಕೇಳಿ ನೋಡಿ. ಮಕ್ಕಳು ಮಾತಿಗೆ ತೊಡಗುತ್ತಾರೆ. ಉತ್ತರ ತಡವರಿಸಿದರೆ ಮುಂದಿನ ವಾರ ಒಮ್ಮೆ ಬಸ್ಸು ಹತ್ತಿ ಹೋಗಿಬನ್ನಿ. ಅವರು ದಿನವೂ ಉಣ್ಣುವ ಜಾಗದಲ್ಲೇ ಕೂತು, ಒಂದು ಹೊತ್ತು ಅವರ ಜೊತೆಗೆ ಊಟ ಮಾಡಿಬನ್ನಿ.