ಗೋಡೆಯೊಳಗಿನ ಲೆಕ್ಕ

ಕಟ್ಟಡವೊಂದರ ಇಟ್ಟಿಗೆ, ಕಾಂಕ್ರೀಟುಗಳ ಪ್ರಮಾಣವನ್ನು ನಕ್ಷೆಯಿಂದಲೇ ಬಹುಮಟ್ಟಿಗೆ ಖಚಿತವಾಗಿ ಲೆಕ್ಕಹಾಕಬಹುದಾದರೂ, ಅದರೊಳಗಿನ ವಿದ್ಯುತ್ತು, ನೀರು, ಹವಾನಿಯಂತ್ರಣಗಳ ವಿಷಯದಲ್ಲಿ ಆ ನಿಶ್ಚಿಂತೆ ಇರುವುದಿಲ್ಲ. ಈ ವ್ಯವಸ್ಥೆಗಳನ್ನು ಒಟ್ಟಾಗಿ ಕಟ್ಟಡ ಸೇವೆಗಳೆಂದೂ, ಅವುಗಳ ಸಾಮಗ್ರಿ ಮತ್ತು ಕೆಲಸವನ್ನು ಅಳೆದು, ದರ ಕಟ್ಟಿ, ಬಿಲ್ಲು ಪರಿಶೀಲಿಸುವವರನ್ನು ಕ್ವಾಂಟಿಟಿ ಸರ್ವೇಯರ್ ಎಂದೂ ಕರೆಯುವುದು ವಾಡಿಕೆ. ಬ್ರಿಟನ್ನಿನಲ್ಲಿ 1868ರಲ್ಲಿ ಹುಟ್ಟಿ 1881ರಲ್ಲಿ ರಾಜಸನ್ನದು ಪಡೆದ ಸರ್ವೇಯರುಗಳ ಸಂಸ್ಥೆಯ ಆಶ್ರಯದಲ್ಲಿ ಇದು ಪ್ರತ್ಯೇಕ ವೃತ್ತಿಯಾಗಿ ಬೆಳೆಯಿತು. ಭಾರತದ ಲೋಕೋಪಯೋಗಿ ಇಲಾಖೆಗಳಲ್ಲಿ ಇದೇ ಕೆಲಸವನ್ನು ಎಂಜಿನಿಯರುಗಳೇ ನಿರ್ವಹಿಸುತ್ತ ಬಂದಿದ್ದಾರೆ.

ತೊಡಕಿನ ಮೂಲವಿರುವುದು ನಕ್ಷೆಯಲ್ಲೇ. ಸೇವೆಗಳ ನಕ್ಷೆ ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಎಂಬುದನ್ನಷ್ಟೇ ಸೂಚಿಸುತ್ತದೆ. ತಳಮಹಡಿಯ ನಕ್ಷೆಯಲ್ಲಿ 18 ಮೀಟರ್ ಕಾಣುವ ಕೇಬಲ್, 3.5 ಮೀಟರ್ ಎತ್ತರದ ಏಳು ಮಹಡಿಗಳನ್ನು ಏರಿದರೆ 42.5 ಮೀಟರ್ ಆಗುತ್ತದೆ. ಬಾಗುವಿಕೆಗೂ ತುದಿಗಳ ಜೋಡಣೆಗೂ ಬೇಕಾದ ಉದ್ದ ಬೇರೆ.

ಅಳತೆಯ ಮಾನವೂ ಒಂದೊಂದಕ್ಕೆ ಒಂದೊಂದು ತೆರ. ಕೊಳವೆಗೆ ರನ್ನಿಂಗ್ ಮೀಟರ್, ದೀಪ ಮತ್ತು ಫ್ಯಾನಿನ ವೈರಿಂಗಿಗೆ ಪಾಯಿಂಟ್, ಅಂದರೆ ಸ್ವಿಚ್ಚು, ವೈರು, ಪೈಪು, ಪೆಟ್ಟಿಗೆಗಳೆಲ್ಲ ಸೇರಿದ ಒಂದು ಘಟಕ. ತಂಪುಗಾಳಿ ಒಯ್ಯುವ ತಗಡಿನ ನಾಳವನ್ನು, ಅಂದರೆ ಡಕ್ಟನ್ನು, ಉದ್ದದಿಂದಲ್ಲದೆ ತಗಡಿನ ಚದರ ಮೀಟರಿನಿಂದ ಅಳೆಯುವುದರಿಂದ ಅದರ ಲೆಕ್ಕ ಹೆಚ್ಚು ಸೂಕ್ಷ್ಮ. 600 ಮಿ.ಮೀ. ಅಗಲ, 400 ಮಿ.ಮೀ. ಎತ್ತರದ ಡಕ್ಟಿಗೆ ತೊಲೆಯ ಕೆಳಗೆ ಜಾಗ ಸಾಲದೆ ಅದನ್ನು 800 ಮತ್ತು 300 ಮಿ.ಮೀ.ಗೆ ಬದಲಿಸಿದರೆ ಗಾಳಿ ಹರಿಯುವ ಛೇದದ ವಿಸ್ತೀರ್ಣ ಕಿಂಚಿತ್ತೂ ಬದಲಾಗುವುದಿಲ್ಲ. ಆದರೆ ಸುತ್ತಳತೆ 2 ಮೀಟರಿನಿಂದ 2.2 ಮೀಟರಿಗೇರುತ್ತದೆ. ದೊಡ್ಡ ಬದಿ 750 ಮಿ.ಮೀ. ದಾಟಿದೊಡನೆ ತಗಡಿನ ದಪ್ಪವನ್ನು ಸಾಮಾನ್ಯವಾಗಿ 0.63ರಿಂದ 0.80 ಮಿ.ಮೀ.ಗೆ ಏರಿಸಬೇಕಾಗುವುದರಿಂದ, ತಗಡಿನ ತೂಕ ಸುಮಾರು ಶೇ. 40ರಷ್ಟು ಹೆಚ್ಚುತ್ತದೆ. ವಿನ್ಯಾಸಕಾರರಿಗೆ ಅಲ್ಪ ತಿದ್ದುಪಡಿಯೆನಿಸುವ ಇಂಥ ಬದಲಾವಣೆಯನ್ನು ಅಂದೇ ಗುರುತಿಸಿ ವೆಚ್ಚ ತಿಳಿಸುವವರೇ ಸಮರ್ಥ ಸರ್ವೇಯರು. ಅಂತಿಮ ಬಿಲ್ಲಿನಲ್ಲಿ ಅದನ್ನು ಪತ್ತೆಹಚ್ಚುವುದು ಬರಿಯ ಗುಮಾಸ್ತಗಿರಿ.

ಗಾರೆ ಮೆತ್ತಿದ ಮೇಲೆ, ಫಾಲ್ಸ್ ಸೀಲಿಂಗ್ ಮುಚ್ಚಿದ ಮೇಲೆ ಟೇಪು ಹಿಡಿಯಲು ಜಾಗವೇ ಉಳಿಯುವುದಿಲ್ಲ. ಆದ್ದರಿಂದಲೇ ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಷರತ್ತುಗಳು, ಮುಚ್ಚಿಹೋಗುವ ಕೆಲಸವನ್ನು ಅಳೆಯಲೆಂದು ಗುತ್ತಿಗೆದಾರ ಕನಿಷ್ಠ 7 ದಿನ ಮೊದಲೇ ತಿಳಿಸಬೇಕೆಂದು ವಿಧಿಸುತ್ತವೆ. ಎಂ.ಬಿ. ಎಂದೇ ಪರಿಚಿತವಾದ ಅಳತೆ ಪುಸ್ತಕದಲ್ಲಿ ತಪ್ಪಾದ ಅಂಕಿಯನ್ನು ಅಳಿಸುವಂತಿಲ್ಲ. ಅಡ್ಡಗೆರೆ ಎಳೆದು, ಸರಿಯಾದುದನ್ನು ಬರೆದು, ಕಿರುಸಹಿ ಹಾಕಬೇಕು.

ಅಳತೆ ಸರಿಯಿದ್ದರೂ ದರ ನಿಲ್ಲುವುದಿಲ್ಲ. ಕೇಬಲಿನ ಬೆಲೆ ತಾಮ್ರ, ಅಲ್ಯೂಮಿನಿಯಮ್ಮಿನ ಮಾರುಕಟ್ಟೆಯನ್ನು ಅನುಸರಿಸುವುದರಿಂದ, ವರ್ಷಗಟ್ಟಲೆ ನಡೆಯುವ ಕಾಮಗಾರಿಗಳ ಒಪ್ಪಂದದಲ್ಲಿ ಬೆಲೆ ವ್ಯತ್ಯಾಸದ ಷರತ್ತನ್ನು ಸೇರಿಸುವುದುಂಟು. ಅದರ ಸೂತ್ರಕ್ಕೆ ಯಾವ ತಿಂಗಳ ಲೋಹದ ದರವನ್ನು ಆಧಾರವಾಗಿ ಹಿಡಿಯಬೇಕೆಂಬುದನ್ನು ಟೆಂಡರಿನಲ್ಲೇ ನಮೂದಿಸದಿದ್ದರೆ, ಅಳತೆಯಲ್ಲಿ ಹುಟ್ಟದ ಜಗಳ ದರದಲ್ಲಿ ಹುಟ್ಟುತ್ತದೆ.